ಗೆದ್ದದ್ದು ಪಕ್ಷದವರೇ, ಗೆಲ್ಲಿಸಿದ್ದು ಯಾರು?

2014ರ ಜೂನ್ 24ರ ರಾತ್ರಿ ಅಮೆರಿಕದ ಮಿಸ್ಸಿಸಿಪ್ಪಿ ರಾಜ್ಯದ ಹ್ಯಾಟಿಸ್‌ಬರ್ಗ್‌ನಲ್ಲಿ ಕ್ರಿಸ್ ಮೆಕ್‌ಡೇನಿಯಲ್ ಅವರ ಬೆಂಬಲಿಗರು ಗೆಲುವಿನ ಸುದ್ದಿಗಾಗಿ ಕಾದು ಕೂತಿದ್ದರು. ಕಾಯುವುದಕ್ಕೆ ಅವರಿಗೆ ಕಾರಣವೂ ಇತ್ತು. ಮೂರು ವಾರ ಹಿಂದೆ, ಜೂನ್ 3ರಂದು ನಡೆದ ರಿಪಬ್ಲಿಕನ್ ಪಕ್ಷದ ಸೆನೆಟ್ ಪ್ರೈಮರಿಯ ಮೊದಲ ಸುತ್ತಿನಲ್ಲಿ ಮೆಕ್‌ಡೇನಿಯಲ್‌ಗೆ 1,57,733 ಮತ ಬಿದ್ದಿದ್ದವು. ಎದುರಾಳಿ ಥ್ಯಾಡ್ ಕಾಕ್ರನ್ ಪಡೆದದ್ದು 1,56,315. ಕಾಕ್ರನ್ 1978ರಿಂದ ಸತತವಾಗಿ ಸೆನೆಟ್‌ಗೆ ಆರಿಸಿಬರುತ್ತಿದ್ದ ಹಿರಿಯ. ಅಂಥವರನ್ನು ಒಬ್ಬ ರಾಜ್ಯಮಟ್ಟದ ಶಾಸಕ 1,418 ಮತಗಳಿಂದ ಹಿಂದೆ ಹಾಕಿದ್ದರು. ಆದರೆ ಮೂರನೆಯ ಅಭ್ಯರ್ಥಿಯೊಬ್ಬರು ಐದು ಸಾವಿರದಷ್ಟು ಮತ ತೆಗೆದುಕೊಂಡಿದ್ದರಿಂದ ಯಾರೂ ಅರ್ಧದ ಗೆರೆ ದಾಟಲಿಲ್ಲ. ಅರ್ಧಕ್ಕಿಂತ ಹೆಚ್ಚು ಮತ ಬರದಿದ್ದರೆ ಮೊದಲ ಇಬ್ಬರ ನಡುವೆ ಎರಡನೇ ಸುತ್ತು ನಡೆಯಬೇಕೆಂಬುದು ಆ ರಾಜ್ಯದ ಕಾನೂನು.

ಎರಡನೇ ಸುತ್ತಿಗೆ ಸಾಮಾನ್ಯವಾಗಿ ಮತದಾರರು ಕಡಿಮೆಯಾಗುತ್ತಾರೆ. ಬಿಸಿಲಲ್ಲಿ ಮತ್ತೊಮ್ಮೆ ಮತಗಟ್ಟೆಗೆ ಹೋಗುವವರು ಪಕ್ಷದ ಕಟ್ಟಾಳುಗಳು ಮಾತ್ರ, ಕಟ್ಟಾಳುಗಳು ನಮ್ಮ ಕಡೆ ಇದ್ದಾರೆ ಎಂಬುದು ಮೆಕ್‌ಡೇನಿಯಲ್ ಪಾಳೆಯದ ಲೆಕ್ಕ. ಆ ಲೆಕ್ಕ ಅರ್ಧ ಸರಿಯಾಗಿತ್ತು. ಅವರ ಮತಗಳು ಮೂವತ್ತು ಸಾವಿರದ ಹತ್ತಿರ ಏರಿ 1,87,265 ಆದವು. ಕಾಕ್ರನ್ ಮತಗಳು ಮೂವತ್ತೆಂಟು ಸಾವಿರಕ್ಕೂ ಹೆಚ್ಚು ಏರಿ 1,94,932 ಮುಟ್ಟಿದವು. 7,667 ಮತಗಳ ಅಂತರದಲ್ಲಿ ಹಳಬರು ಗೆದ್ದರು. ಮೊದಲ ಸುತ್ತಿಗಿಂತ ಅರವತ್ತಮೂರು ಸಾವಿರ ಮಂದಿ ಹೆಚ್ಚು ಬಂದು ಮತ ಹಾಕಿದ್ದರು. ಅವರಲ್ಲಿ ಗಣನೀಯ ಸಂಖ್ಯೆಯವರು ಆಫ್ರಿಕನ್ ಅಮೆರಿಕನ್ನರು, ನವೆಂಬರ್‌ನ ಸಾರ್ವತ್ರಿಕ ಚುನಾವಣೆ ಬಂದರೆ ಡೆಮಾಕ್ರಟಿಕ್ ಪಕ್ಷಕ್ಕೇ ಮತ ಹಾಕುವವರು. ರಾಜಧಾನಿ ಜಾಕ್ಸನ್ ಇರುವ, ಕಪ್ಪು ಜನ ಬಹುಸಂಖ್ಯಾತರಾಗಿರುವ ಹೈಂಡ್ಸ್ ಕೌಂಟಿಯಲ್ಲಿ ಕಾಕ್ರನ್ ಮತಗಳು ಜಿಗಿದದ್ದು ಎಲ್ಲರ ಕಣ್ಣಿಗೂ ಬಿತ್ತು. ಅಂದು ರಾತ್ರಿ ವೇದಿಕೆಗೆ ಬಂದ ಮೆಕ್‌ಡೇನಿಯಲ್ ಸೋಲೊಪ್ಪಲಿಲ್ಲ. ರಿಪಬ್ಲಿಕನ್ ಪ್ರೈಮರಿಯ ಫಲಿತಾಂಶವನ್ನು ಉದಾರವಾದಿ ಡೆಮಾಕ್ರಟರು ತೀರ್ಮಾನಿಸಿದ್ದು ವಿಚಿತ್ರವಾಗಿದೆ ಎಂಬ ಅರ್ಥದ ಮಾತಾಡಿದರು. ಎದುರಿಗಿದ್ದವರ ಮನಸ್ಸಿನಲ್ಲಿದ್ದದ್ದೂ ಅದೇ.

ಇದನ್ನು ಸೋತವರ ಗೊಣಗಾಟ ಎಂದು ತಳ್ಳಿಹಾಕುವುದು ಸುಲಭ. ನನಗೆ ಹಾಗೆ ಮಾಡಲು ಮನಸ್ಸಿಲ್ಲ. ಆ ಸಿಟ್ಟಿನ ಬೇರು ಆಳಕ್ಕಿದೆ. ಎರಡು ವರ್ಷ ಕಳೆದು ಡೊನಾಲ್ಡ್ ಟ್ರಂಪ್ ಆ ಪಕ್ಷವನ್ನು ಹೇಗೆ ವಶಕ್ಕೆ ತೆಗೆದುಕೊಂಡರು ಎಂದು ಕೇಳುವವರು ಮೊದಲು ಈ ಮಿಸ್ಸಿಸಿಪ್ಪಿಯ ಮತದಾರನ ಮುಖ ನೋಡಬೇಕು ಎಂಬುದು ನನ್ನ ನಂಬಿಕೆ.

ಪಕ್ಷದ ಅಭ್ಯರ್ಥಿಯನ್ನು ಮತದಾರರೇ ಆರಿಸುವ ಪ್ರೈಮರಿ ಎಂಬ ವ್ಯವಸ್ಥೆ ನಮಗೆ ಅಪರಿಚಿತ. ನಮ್ಮಲ್ಲಿ ಟಿಕೆಟ್ ಕೊಡುವುದು ಹೈಕಮಾಂಡ್. ಆಕಾಂಕ್ಷಿಗಳು ದೆಹಲಿಗೆ ಹೋಗಿ ಕಾಯುತ್ತಾರೆ, ಕೊನೆಯ ಗಳಿಗೆಯಲ್ಲಿ ಬಿ ಫಾರಂ ಕೈಗೆ ಬರುತ್ತದೆ, ಸಿಗದವರು ಬಂಡಾಯವೆದ್ದು ಪಕ್ಷೇತರರಾಗಿ ನಿಲ್ಲುತ್ತಾರೆ. ಸಾಮಾನ್ಯ ಕಾರ್ಯಕರ್ತನ ಪಾಲಿಗೆ ಉಳಿಯುವುದು ಕೊಟ್ಟ ಅಭ್ಯರ್ಥಿಗೆ ದುಡಿಯುವ ಕೆಲಸ. ಇದಕ್ಕೆ ಹೊರತಾದ ಒಂದು ಸಣ್ಣ ಪ್ರಯೋಗ ಕರ್ನಾಟಕದಲ್ಲೂ ಆಯಿತು, ಅದೂ ಅದೇ 2014ರಲ್ಲಿ. ರಾಹುಲ್ ಗಾಂಧಿ ಆಸಕ್ತಿ ವಹಿಸಿದ್ದರಿಂದ ಆ ವರ್ಷದ ಲೋಕಸಭಾ ಚುನಾವಣೆಗೆ ಕಾಂಗ್ರೆಸ್ ದೇಶದ ಕೆಲವೇ ಕ್ಷೇತ್ರಗಳಲ್ಲಿ ಪಕ್ಷದೊಳಗೆ ಮತದಾನ ನಡೆಸಿ ಅಭ್ಯರ್ಥಿಗಳನ್ನು ಆರಿಸಿತು. ದಕ್ಷಿಣ ಕನ್ನಡದಲ್ಲಿ ಜನಾರ್ದನ ಪೂಜಾರಿ, ಬೆಂಗಳೂರು ಉತ್ತರದಲ್ಲಿ ಸಿ. ನಾರಾಯಣಸ್ವಾಮಿ ಹೀಗೆ ಆಯ್ಕೆಯಾದರು. ಮುಂದೆ ಇಬ್ಬರೂ ಬಿಜೆಪಿಯ ಎದುರು ಸೋತರು, ಪ್ರಯೋಗ ಅಲ್ಲಿಗೆ ಸೊರಗಿತು. ಅಲ್ಲಿ ಮತ ಹಾಕಿದವರು ಪಕ್ಷದ ಪದಾಧಿಕಾರಿಗಳು, ಪ್ರತಿನಿಧಿಗಳು. ದಾರಿಯಲ್ಲಿ ಹೋಗುವ ಮತದಾರ ಒಳಗೆ ಬಂದು ಮತ ಹಾಕುವ ಅವಕಾಶ ಇರಲಿಲ್ಲ.

ಅಮೆರಿಕದ ಪ್ರೈಮರಿ ಇದರಿಂದ ತೀರಾ ಬೇರೆ. ಅದನ್ನು ನಡೆಸುವುದಕ್ಕೆ ಕಾನೂನು ಮಾಡುವುದು ರಾಜ್ಯ ಸರ್ಕಾರ. ಮತಗಟ್ಟೆಗಳೂ ಮತಪತ್ರಗಳೂ ಬಹುಪಾಲು ಕಡೆ ಸಾರ್ವಜನಿಕ ಹಣದಿಂದ ಬರುತ್ತವೆ. ಕೆಲವು ರಾಜ್ಯಗಳಲ್ಲಿ ಮತದಾರರ ಪಟ್ಟಿಯಲ್ಲಿ ಹೆಸರು ಬರೆಸುವಾಗಲೇ ನೀವು ಯಾವ ಪಕ್ಷದವರೆಂದು ನಮೂದಿಸುತ್ತೀರಿ, ಆ ಪಕ್ಷದ ಪ್ರೈಮರಿಯಲ್ಲಿ ಮಾತ್ರ ನಿಮಗೆ ಮತ. ಇನ್ನು ಕೆಲವು ರಾಜ್ಯಗಳಲ್ಲಿ ಅಂಥ ನಮೂದೇ ಇಲ್ಲ. ಮಿಸ್ಸಿಸಿಪ್ಪಿ ಈ ಎರಡನೇ ಗುಂಪಿನದು. ಅಲ್ಲಿ ಮತಗಟ್ಟೆಗೆ ಬಂದ ಯಾವ ಮತದಾರನೂ ಎರಡರಲ್ಲಿ ಒಂದು ಪಕ್ಷದ ಮತಪತ್ರ ಕೇಳಿ ಪಡೆಯಬಹುದು. ಎರಡನೇ ಸುತ್ತಿಗೆ ಇರುವ ಕಟ್ಟುಪಾಡು ಒಂದೇ: ಮೊದಲ ಸುತ್ತಿನಲ್ಲಿ ಇನ್ನೊಂದು ಪಕ್ಷದ ಪ್ರೈಮರಿಯಲ್ಲಿ ಮತ ಹಾಕಿದವರು ಈಗ ಇತ್ತ ಬರುವಂತಿಲ್ಲ. ಜೂನ್ 3ರಂದು ಮನೆಯಲ್ಲೇ ಉಳಿದ ಡೆಮಾಕ್ರಟ್ ಜೂನ್ 24ರಂದು ರಿಪಬ್ಲಿಕನ್ ಮತಪತ್ರ ತೆಗೆದುಕೊಂಡರೆ ಅದು ಪೂರ್ತಿ ಕಾನೂನುಬದ್ಧ.

ಕಾನೂನಿನ ಪುಸ್ತಕದಲ್ಲಿ ಇನ್ನೊಂದು ಮಾತೂ ಇದೆ. ಪ್ರೈಮರಿಯಲ್ಲಿ ಪಾಲ್ಗೊಳ್ಳುವವರು ಅಲ್ಲಿ ಆಯ್ಕೆಯಾದವರನ್ನೇ ಮುಂದೆ ಬೆಂಬಲಿಸುವ ಉದ್ದೇಶ ಇಟ್ಟುಕೊಂಡಿರಬೇಕು ಎನ್ನುತ್ತದೆ ಆ ರಾಜ್ಯದ ಕಾನೂನು. ಆದರೆ ಮತಗಟ್ಟೆಯ ಅಧಿಕಾರಿ ಮತದಾರನ ಮನಸ್ಸಿನೊಳಗೆ ಇಣುಕುವುದು ಹೇಗೆ? ನವೆಂಬರ್‌ನ ಮತ ಗುಪ್ತ, ಜೂನ್‌ನ ಉದ್ದೇಶ ಅದಕ್ಕಿಂತ ಗುಪ್ತ. ಜಾರಿಗೆ ತರಲಾಗದ ಕಾನೂನು ಎಂದು ಎಲ್ಲರೂ ಅದನ್ನು ಪಕ್ಕಕ್ಕಿಟ್ಟಿದ್ದರು. ಮೆಕ್‌ಡೇನಿಯಲ್ ಮತದಾರನಿಗೆ ಮಾತ್ರ ಆ ವಾಕ್ಯ ಕಣ್ಣಿಗೆ ರಾಚುವಂತೆ ಕಂಡಿತು.

ಈ ಮತದಾರ ಏನು ಬಯಸಿದ್ದ? 2008ರ ಆರ್ಥಿಕ ಕುಸಿತದಲ್ಲಿ ಬ್ಯಾಂಕುಗಳನ್ನು ಸರ್ಕಾರದ ದುಡ್ಡಿನಿಂದ ಉಳಿಸಿದ್ದು, ಒಬಾಮಾ ಆಡಳಿತದ ವೆಚ್ಚ, ಬೆಳೆಯುತ್ತ ಹೋದ ಸಾಲ, ಇವೆಲ್ಲದರ ವಿರುದ್ಧ 2009ರಿಂದ ಎದ್ದ ಟೀ ಪಾರ್ಟಿ ಚಳವಳಿ ಅವನ ರಾಜಕೀಯ. ಕಾಕ್ರನ್ ಅವರ ರಾಜಕೀಯ ಇದಕ್ಕೆ ನೇರ ವಿರುದ್ಧ. 2005ರಲ್ಲಿ ಕತ್ರಿನಾ ಚಂಡಮಾರುತ ಮಿಸ್ಸಿಸಿಪ್ಪಿಯ ಕರಾವಳಿಯನ್ನು ಬಡಿದುಹಾಕಿದಾಗ ಸೆನೆಟ್‌ನ ಹಣಕಾಸು ಹಂಚಿಕೆ ಸಮಿತಿಯ ಅಧ್ಯಕ್ಷರಾಗಿದ್ದ ಅವರು ಪುನರ್ನಿರ್ಮಾಣಕ್ಕೆ ಶತಕೋಟಿಗಟ್ಟಲೆ ಡಾಲರ್ ತಂದರು. ವಿಶ್ವವಿದ್ಯಾಲಯ, ಹಡಗುಕಟ್ಟೆ, ಕೃಷಿ ಸಂಶೋಧನೆ, ಸೇನಾನೆಲೆ, ಎಲ್ಲೆಡೆ ಅವರು ತಂದ ಹಣ ಹರಿದಿತ್ತು. ದೇಶದಲ್ಲೇ ಬಡ ರಾಜ್ಯಗಳಲ್ಲೊಂದಾದ ಮಿಸ್ಸಿಸಿಪ್ಪಿ ವಾಷಿಂಗ್ಟನ್‌ಗೆ ಕಟ್ಟುವ ತೆರಿಗೆಗಿಂತ ಅಲ್ಲಿಂದ ಪಡೆಯುವುದೇ ಹೆಚ್ಚು. ಹೀಗಿರುವಾಗ ಸರ್ಕಾರದ ಖರ್ಚು ಕಡಿಮೆಯಾಗಲಿ ಎಂದು ಆ ರಾಜ್ಯದವರೇ ಕೇಳುವುದರಲ್ಲಿ ವಿರೋಧಾಭಾಸವಿದೆ ಎಂದು ಪತ್ರಿಕೆಗಳು ಬರೆದವು. ನನಗೆ ಅದು ಬೇರೆ ಬಗೆಯಲ್ಲಿ ಕಾಣುತ್ತದೆ. ತನ್ನ ಊರಿಗೇ ನಷ್ಟವಾಗುವ ತತ್ವಕ್ಕೆ ಒಬ್ಬ ಮತದಾರ ಅಂಟಿಕೊಂಡರೆ ಅವನು ಸರಿಯೋ ತಪ್ಪೋ ಎಂದು ವಾದಿಸಬಹುದು. ಅವನಿಗೆ ತತ್ವವೇ ಇಲ್ಲ ಎಂದು ಮಾತ್ರ ಹೇಳಲಾಗದು.

ಅವನು ನಡೆದದ್ದೂ ಪ್ರಜಾಪ್ರಭುತ್ವದ ದಾರಿಯಲ್ಲೇ. ಮನೆಮನೆಗೆ ಹೋದ, ಸಣ್ಣ ಸಣ್ಣ ದೇಣಿಗೆ ಕೊಟ್ಟ, ಚರ್ಚ್ ಮುಗಿಸಿ ಬಂದವರೊಡನೆ ಮಾತಾಡಿದ, ಕೆಲಸದ ದಿನವಾದ ಮಂಗಳವಾರ ಸಾಲಿನಲ್ಲಿ ನಿಂತ. ಎರಡು ಸುತ್ತುಗಳ ನಡುವೆ, ಜೂನ್ 10ರಂದು, ವರ್ಜೀನಿಯಾದಲ್ಲಿ ಪ್ರತಿನಿಧಿ ಸಭೆಯ ರಿಪಬ್ಲಿಕನ್ ನಾಯಕ ಎರಿಕ್ ಕ್ಯಾಂಟರ್ ಅವರನ್ನು ಡೇವ್ ಬ್ರಾಟ್ ಎಂಬ ಅರ್ಥಶಾಸ್ತ್ರದ ಅಧ್ಯಾಪಕ ಪ್ರೈಮರಿಯಲ್ಲಿ ಸೋಲಿಸಿದ್ದರು. ದೊಡ್ಡವರೂ ಬೀಳುತ್ತಾರೆ ಎಂಬ ಆಸೆಗೆ ಆ ಸುದ್ದಿ ಇಂಬು ಕೊಟ್ಟಿತ್ತು.

ಅತ್ತ ಪಕ್ಷದ ಹಿರಿಯರು ಬೆಚ್ಚಿದ್ದರು. 2010ರಲ್ಲಿ ನೆವಾಡ ಮತ್ತು ಡೆಲವೇರ್, 2012ರಲ್ಲಿ ಮಿಸ್ಸೌರಿ ಮತ್ತು ಇಂಡಿಯಾನಾ, ಈ ನಾಲ್ಕೂ ಕಡೆ ಕಟ್ಟಾ ಸಂಪ್ರದಾಯವಾದಿಗಳ ಮೆಚ್ಚಿನ ಅಭ್ಯರ್ಥಿಗಳು ಪ್ರೈಮರಿ ಗೆದ್ದು ನವೆಂಬರ್‌ನಲ್ಲಿ ಸೋತಿದ್ದರು. ಇನ್ನು ಸೀಟು ಕಳೆದುಕೊಳ್ಳಬಾರದು ಎಂದು ನಾಯಕರು ಪಣ ತೊಟ್ಟಿದ್ದರು. ಅಮೆರಿಕದ ವಾಣಿಜ್ಯ ಮಂಡಳಿ ಹಣ ಸುರಿಯಿತು. ಫುಟ್‌ಬಾಲ್ ತಾರೆ, ಮಿಸ್ಸಿಸಿಪ್ಪಿಯವರೇ ಆದ ಬ್ರೆಟ್ ಫಾವ್ರ್ ಕಾಕ್ರನ್ ಪರ ಜಾಹೀರಾತಿನಲ್ಲಿ ಕಾಣಿಸಿಕೊಂಡರು. ಜಾನ್ ಮೆಕೇನ್ ಬಂದು ಪ್ರಚಾರ ಮಾಡಿದರು. ಮಾಜಿ ರಾಜ್ಯಪಾಲ ಹೇಲಿ ಬಾರ್ಬರ್ ಅವರ ಬಳಗ ರಾಜ್ಯದುದ್ದಕ್ಕೂ ಕೆಲಸಕ್ಕಿಳಿಯಿತು. ಅವರ ಗಮನ ಜನಸಂಖ್ಯೆಯ ಮೂರನೇ ಒಂದಕ್ಕಿಂತ ಹೆಚ್ಚಿರುವ ಕಪ್ಪು ಮತದಾರರ ಕಡೆ ತಿರುಗಿತು. ಕಪ್ಪು ಜನರ ಬಡಾವಣೆಗಳಲ್ಲಿ ಕರಪತ್ರಗಳು ಹಂಚಿಹೋದವು, ದೂರವಾಣಿ ಕರೆಗಳು ಹೋದವು, ಚರ್ಚ್‌ಗಳ ಮೂಲಕ ಮಾತು ಹರಡಿತು. ಕಾಕ್ರನ್ ನಿಮ್ಮ ಶಾಲೆಗೂ ಆಸ್ಪತ್ರೆಗೂ ಹಣ ತಂದವರು, ಟೀ ಪಾರ್ಟಿಯವರು ಬಂದರೆ ಅದೆಲ್ಲ ನಿಲ್ಲುತ್ತದೆ ಎಂಬುದು ಅವುಗಳ ತಿರುಳು.

ಸಂಪ್ರದಾಯವಾದಿ ಮತದಾರನ ದೂರಿನಲ್ಲಿ ನನಗೆ ಅತ್ಯಂತ ನ್ಯಾಯವೆನಿಸುವ ಭಾಗ ಇದು. ಸೋಲು ಗೆಲುವಿಗಿಂತ ಇಲ್ಲಿ ಮುರಿದದ್ದು ನಂಬಿಕೆ. ಪ್ರೈಮರಿಯಲ್ಲಿ ಯಾರೇ ಗೆಲ್ಲಲಿ, ಗೆದ್ದವರ ಹಿಂದೆ ಎಲ್ಲರೂ ನಿಲ್ಲಬೇಕು ಎಂದು ವರ್ಷಾನುಗಟ್ಟಲೆ ಅವನಿಗೆ ಬೋಧಿಸಿದವರು ಇದೇ ನಾಯಕರು. ಅಧ್ಯಕ್ಷ ಅಭ್ಯರ್ಥಿಗಳಾದ 2008ರಲ್ಲಿ ಮೆಕೇನ್, 2012ರಲ್ಲಿ ಮಿಟ್ ರಾಮ್ನಿ, ಇಬ್ಬರೂ ಅವನ ಮೊದಲ ಆಯ್ಕೆ ಆಗಿರಲಿಲ್ಲ, ಆದರೂ ನವೆಂಬರ್‌ನಲ್ಲಿ ಹೋಗಿ ಮತ ಹಾಕಿ ಬಂದಿದ್ದ. ಈಗ ಒಮ್ಮೆ ಅವನ ಆಯ್ಕೆ ಮುಂದಿದ್ದಾಗ ಅದೇ ನಾಯಕರು ಪಕ್ಷದ ಹೊರಗಿನವರ ಬಳಿ ಹೋಗಿ, ನಮ್ಮ ಪಕ್ಷದ ಈ ಜನರಿಂದ ನಮ್ಮನ್ನು ಕಾಪಾಡಿ ಎಂದು ಕೇಳಿಕೊಂಡರು. ತನ್ನ ನಿಷ್ಠೆ ಒಂದೇ ದಿಕ್ಕಿಗೆ ಹರಿಯುವಂಥದ್ದು ಎಂದು ಅವನಿಗೆ ಅವತ್ತು ಮನವರಿಕೆಯಾಯಿತು.

ಆದರೆ ಹೈಂಡ್ಸ್ ಕೌಂಟಿಯ ಒಬ್ಬ ಕಪ್ಪು ಮತದಾರ್ತಿಯ ಕಡೆಯಿಂದಲೂ ನೋಡಬೇಕು. ಮಿಸ್ಸಿಸಿಪ್ಪಿಯಲ್ಲಿ ಡೆಮಾಕ್ರಟರು ಸೆನೆಟ್ ಸೀಟು ಗೆದ್ದದ್ದು ಕಡೆಯ ಬಾರಿ 1982ರಲ್ಲಿ. ನವೆಂಬರ್‌ನ ಚುನಾವಣೆ ಅಲ್ಲಿ ಹೆಸರಿಗಷ್ಟೆ. ಯಾರು ಸೆನೆಟರ್ ಆಗಬೇಕೆಂಬುದು ರಿಪಬ್ಲಿಕನ್ ಪ್ರೈಮರಿಯಲ್ಲೇ ನಿರ್ಧಾರವಾಗಿಬಿಡುತ್ತದೆ. ಆರು ವರ್ಷ ತನ್ನನ್ನು ಪ್ರತಿನಿಧಿಸುವವರನ್ನು ಆರಿಸುವ ನಿಜವಾದ ದಿನ ಜೂನ್ 24 ಆಗಿದ್ದರೆ, ಆ ದಿನ ಅವಳು ಮನೆಯಲ್ಲಿರಬೇಕು ಎಂದು ಹೇಳುವ ಹಕ್ಕು ಯಾರಿಗಿದೆ? ಅವಳು ಸುಳ್ಳು ಹೇಳಲಿಲ್ಲ, ಎರಡು ಸಲ ಮತ ಹಾಕಲಿಲ್ಲ. ಇದ್ದ ಇಬ್ಬರಲ್ಲಿ ತನಗೆ ಕಡಿಮೆ ಕೆಡುಕೆನಿಸಿದವರನ್ನು ಆರಿಸಿದಳು.

ಅವಳ ಹಿಂದೆ ಇನ್ನೂ ದೀರ್ಘವಾದ ಒಂದು ಇತಿಹಾಸವಿತ್ತು. ಅಭ್ಯರ್ಥಿಗಳನ್ನು ಮತದಾರರೇ ನೇರವಾಗಿ ಆರಿಸುವ ಪ್ರೈಮರಿ ಪದ್ಧತಿಯನ್ನು ರಾಜ್ಯದುದ್ದಕ್ಕೂ ಜಾರಿಗೆ ತಂದ ಮೊದಲಿಗರಲ್ಲಿ ಮಿಸ್ಸಿಸಿಪ್ಪಿಯೂ ಒಂದು. ಕಾನೂನು ಬಂದದ್ದು 1902ರಲ್ಲಿ. ಮರುವರ್ಷವೇ ಆ ದಾರಿಯಲ್ಲಿ ಗೆದ್ದು ರಾಜ್ಯಪಾಲರಾದವರು ಜೇಮ್ಸ್ ವಾರ್ಡಮನ್, ಕಪ್ಪು ಜನರ ಮೇಲಿನ ದ್ವೇಷವನ್ನೇ ಭಾಷಣದ ಬಂಡವಾಳ ಮಾಡಿಕೊಂಡಿದ್ದ ಮನುಷ್ಯ. ಆಗ ಆ ರಾಜ್ಯದಲ್ಲಿ ಇದ್ದದ್ದು ಒಂದೇ ಪಕ್ಷ, ಡೆಮಾಕ್ರಟಿಕ್. ಅದರ ಪ್ರೈಮರಿ ಬಿಳಿಯರಿಗೆ ಮಾತ್ರ ಮೀಸಲು. 1890ರ ಸಂವಿಧಾನದ ತಲೆತೆರಿಗೆ ಮತ್ತು ಓದುಬರಹದ ಪರೀಕ್ಷೆಯಿಂದ ಹೇಗೋ ನುಸುಳಿಕೊಂಡು ಮತದಾರರ ಪಟ್ಟಿ ಸೇರಿದ ಬೆರಳೆಣಿಕೆಯ ಕಪ್ಪು ಜನರೂ ಪ್ರೈಮರಿಯ ಹೊರಗೇ ನಿಲ್ಲಬೇಕಿತ್ತು. ಪಕ್ಷ ಖಾಸಗಿ ಸಂಘ, ಯಾರನ್ನು ಸೇರಿಸಿಕೊಳ್ಳಬೇಕೆಂಬುದು ಅದರ ಇಷ್ಟ ಎಂಬುದು ಆಗಿನ ವಾದ. ಇದೇ ವಾದ ಟೆಕ್ಸಾಸ್‌ನಲ್ಲೂ ಇತ್ತು. ಹ್ಯೂಸ್ಟನ್‌ನ ದಂತವೈದ್ಯ ಲಾನಿ ಸ್ಮಿತ್ ಅದನ್ನು ಪ್ರಶ್ನಿಸಿ ಕೋರ್ಟಿಗೆ ಹೋದರು. ಅವರ ಪರ ವಾದಿಸಿದ ತರ್ಗುಡ್ ಮಾರ್ಷಲ್ ಮುಂದೆ ಸುಪ್ರೀಂ ಕೋರ್ಟಿನ ಮೊದಲ ಕಪ್ಪು ನ್ಯಾಯಮೂರ್ತಿಯಾದರು. 1944ರಲ್ಲಿ ಸುಪ್ರೀಂ ಕೋರ್ಟ್, ಪ್ರೈಮರಿ ಚುನಾವಣಾ ವ್ಯವಸ್ಥೆಯ ಅವಿಭಾಜ್ಯ ಭಾಗ, ಅಲ್ಲಿ ಜನಾಂಗದ ಆಧಾರದ ಮೇಲೆ ಬಾಗಿಲು ಹಾಕುವಂತಿಲ್ಲ ಎಂದು ತೀರ್ಪಿತ್ತಿತು.

ತೀರ್ಪು ಬಂದರೂ ಮಿಸ್ಸಿಸಿಪ್ಪಿಯಲ್ಲಿ ಬಾಗಿಲು ತೆರೆಯಲು ಇನ್ನೂ ಇಪ್ಪತ್ತು ವರ್ಷ ಬೇಕಾಯಿತು, ರಕ್ತವೂ ಬೇಕಾಯಿತು. 1964ರ ಜೂನ್ 21ರಂದು ಮತದಾರರ ನೋಂದಣಿಗೆ ದುಡಿಯುತ್ತಿದ್ದ ಜೇಮ್ಸ್ ಚೇನಿ, ಆಂಡ್ರ್ಯೂ ಗುಡ್‌ಮನ್, ಮೈಕೆಲ್ ಶ್ವರ್ನರ್ ಎಂಬ ಮೂವರು ಯುವಕರನ್ನು ಫಿಲಡೆಲ್ಫಿಯಾ ಎಂಬ ಆ ರಾಜ್ಯದ ಸಣ್ಣ ಊರಿನ ಬಳಿ ಕೊಂದರು. ಪಕ್ಷದ ಸ್ಥಳೀಯ ಸಭೆಗಳಿಗೆ ತಮ್ಮನ್ನು ಸೇರಿಸುವುದಿಲ್ಲವೆಂದು ಫ್ಯಾನಿ ಲೂ ಹೇಮರ್ ಮತ್ತು ಸಂಗಾತಿಗಳು ತಮ್ಮದೇ ಪರ್ಯಾಯ ಪಕ್ಷ ಕಟ್ಟಿಕೊಂಡು, ಅದೇ ಆಗಸ್ಟ್‌ನಲ್ಲಿ ಅಟ್ಲಾಂಟಿಕ್ ಸಿಟಿಯ ಡೆಮಾಕ್ರಟಿಕ್ ಅಧಿವೇಶನಕ್ಕೆ ಹೋಗಿ ಆಸನ ಕೇಳಿದರು. 1966ರ ಜನವರಿಯಲ್ಲಿ, ತಲೆತೆರಿಗೆ ಕಟ್ಟುವವರು ತನ್ನ ಅಂಗಡಿಯಲ್ಲೇ ಕಟ್ಟಬಹುದು, ಕೈಲಾಗದವರ ಪರ ತಾನೇ ಕಟ್ಟುತ್ತೇನೆ ಎಂದಿದ್ದ ವರ್ನನ್ ಡೇಮರ್ ಅವರ ಮನೆಗೆ ಬೆಂಕಿ ಹಚ್ಚಿದರು. ಆ ಸುಟ್ಟಗಾಯಗಳಿಂದಲೇ ಅವರು ತೀರಿಕೊಂಡರು. ಡೇಮರ್ ಇದ್ದದ್ದು ಹ್ಯಾಟಿಸ್‌ಬರ್ಗ್ ಹತ್ತಿರ. 2014ರ ಎರಡನೇ ಸುತ್ತು ನಡೆದ ಆ ವಾರ ಮೂವರು ಯುವಕರ ಹತ್ಯೆಗೆ ಐವತ್ತು ವರ್ಷ ತುಂಬಿತ್ತು, ರಾಜ್ಯದ ಹಲವೆಡೆ ಸ್ಮರಣೆಯ ಕಾರ್ಯಕ್ರಮಗಳು ನಡೆಯುತ್ತಿದ್ದವು. ಆ ವಾರ ಕಪ್ಪು ಮತದಾರರಿಗೆ, ನೀವು ಈ ಪ್ರೈಮರಿಗೆ ಬರಬಾರದಿತ್ತು ಎಂಬ ಮಾತು ಯಾವ ಧ್ವನಿಯಲ್ಲಿ ಕೇಳಿಸಿರಬಹುದು ಎಂಬುದನ್ನು ಮೆಕ್‌ಡೇನಿಯಲ್ ಬೆಂಬಲಿಗರು ಯೋಚಿಸಬೇಕಿತ್ತು. ಅವರಲ್ಲಿ ಬಹಳಷ್ಟು ಮಂದಿ ಹೇಳುತ್ತಿದ್ದದ್ದು ಪಕ್ಷದ ಬಗ್ಗೆ, ಬಣ್ಣದ ಬಗ್ಗೆ ಅಲ್ಲ ಎಂದು ನಾನು ಒಪ್ಪುತ್ತೇನೆ. ಆದರೆ ಆ ನೆಲದಲ್ಲಿ ಎರಡನ್ನೂ ಬಿಡಿಸಿ ಕೇಳಿಸಿಕೊಳ್ಳುವುದು ಕಷ್ಟ.

ಪಕ್ಷಕ್ಕೆ ತನ್ನ ಅಭ್ಯರ್ಥಿಯನ್ನು ತಾನೇ ಆರಿಸುವ ಹಕ್ಕಿದೆ ಎಂಬುದೂ ನಿಜ. ಈ ಹಕ್ಕನ್ನು ಅಮೆರಿಕದ ಕೋರ್ಟುಗಳೂ ಮನ್ನಿಸಿವೆ. ಯಾವ ಪಕ್ಷದವರಾದರೂ ಯಾವ ಪಕ್ಷದ ಅಭ್ಯರ್ಥಿಗಾದರೂ ಮತ ಹಾಕಬಹುದು ಎಂದು ಕ್ಯಾಲಿಫೋರ್ನಿಯಾ ಮಾಡಿದ್ದ ಕಾನೂನನ್ನು ಸುಪ್ರೀಂ ಕೋರ್ಟ್ 2000ದಲ್ಲಿ ರದ್ದುಮಾಡಿತು. ತೀರ್ಪು ಬರೆದವರು ಸಂಪ್ರದಾಯವಾದಿಗಳ ಮೆಚ್ಚಿನ ನ್ಯಾಯಮೂರ್ತಿ ಆಂಟೊನಿನ್ ಸ್ಕಾಲಿಯಾ. ಒಂದೇ ನಂಬಿಕೆಯ ಜನ ಸೇರಿ ಕಟ್ಟಿಕೊಂಡ ಸಂಘಕ್ಕೆ ಅದನ್ನು ನಂಬದವರು ಬಂದು ನಾಯಕರನ್ನು ಆರಿಸಿಕೊಡುವುದಾದರೆ ಸಂಘ ಎಂಬುದಕ್ಕೇ ಅರ್ಥವಿಲ್ಲ. ಮನೆದೇವರ ಪೂಜೆಗೆ ಯಾರು ಬರಬೇಕೆಂದು ಮನೆಯವರು ತೀರ್ಮಾನಿಸುತ್ತಾರೆ, ಊರ ಜಾತ್ರೆಯಲ್ಲಿ ಆ ಮಾತು ನಡೆಯುವುದಿಲ್ಲ. ಅಮೆರಿಕದ ಪ್ರೈಮರಿ ಏಕಕಾಲಕ್ಕೆ ಎರಡೂ ಆಗಿರುವುದರಿಂದಲೇ ಈ ಜಗಳ ಬಗೆಹರಿಯುತ್ತಿಲ್ಲ.

ಜಗಳ ಹಳೆಯದು. 1952ರಲ್ಲಿ ಸಂಪ್ರದಾಯವಾದಿಗಳ ಆರಾಧ್ಯ ರಾಬರ್ಟ್ ಟಾಫ್ಟ್ ಮತ್ತು ಯುದ್ಧವೀರ ಐಸೆನ್‌ಹೋವರ್ ನಡುವೆ ಅಧ್ಯಕ್ಷ ಅಭ್ಯರ್ಥಿತನಕ್ಕೆ ಪೈಪೋಟಿ ನಡೆದಾಗ, ಟೆಕ್ಸಾಸ್‌ನ ರಿಪಬ್ಲಿಕನ್ ಸ್ಥಳೀಯ ಸಭೆಗಳಿಗೆ ಡೆಮಾಕ್ರಟರು ಹಿಂಡುಹಿಂಡಾಗಿ ಬಂದು ಐಸೆನ್‌ಹೋವರ್ ಪರ ಕೈ ಎತ್ತಿದರು. ತಾವು ರಿಪಬ್ಲಿಕನ್ನರು ಎಂದು ಬರೆದುಕೊಟ್ಟೇ ಅವರು ಒಳಗೆ ಬಂದಿದ್ದರು. ಇವರು ನಮ್ಮವರಲ್ಲ ಎಂದು ಟಾಫ್ಟ್ ಬಣ ತನ್ನದೇ ಪ್ರತಿನಿಧಿಗಳನ್ನು ಕಳಿಸಿತು. ಷಿಕಾಗೋ ಅಧಿವೇಶನದಲ್ಲಿ ಐಸೆನ್‌ಹೋವರ್ ಬಣದವರಿಗೇ ಜಯವಾಯಿತು. ಟಾಫ್ಟ್ ಬೆಂಬಲಿಗರು ಆ ಗಾಯವನ್ನು ಹನ್ನೆರಡು ವರ್ಷ ಹೊತ್ತು ತಿರುಗಿದರು. 1964ರಲ್ಲಿ ಫಿಲಿಸ್ ಶ್ಲಾಫ್ಲಿ ಎಂಬ ಕಾರ್ಯಕರ್ತೆ, ಪಕ್ಷದ ಅಭ್ಯರ್ಥಿಯನ್ನು ಪ್ರತಿಸಲ ತೆರೆಮರೆಯ ಧನಿಕರ ಗುಂಪೊಂದು ಹೇರುತ್ತದೆ ಎಂದು ವಾದಿಸುವ ಪುಸ್ತಕವೊಂದನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿ ಲಕ್ಷಗಟ್ಟಲೆ ಪ್ರತಿ ಹಂಚಿದರು. ಆ ವರ್ಷ ಕ್ಯಾಲಿಫೋರ್ನಿಯಾ ಪ್ರೈಮರಿಯಲ್ಲಿ ಪಕ್ಷದ ಉದಾರ ಬಣದ ರಾಕ್‌ಫೆಲರ್ ವಿರುದ್ಧ ಬ್ಯಾರಿ ಗೋಲ್ಡ್‌ವಾಟರ್ ಗೆದ್ದಾಗ ಸಂಪ್ರದಾಯವಾದಿಗಳಿಗೆ ಮೊದಲ ಬಾರಿ ಪಕ್ಷ ತಮ್ಮದಾಯಿತು ಅನ್ನಿಸಿತು. ನವೆಂಬರ್‌ನಲ್ಲಿ ಗೋಲ್ಡ್‌ವಾಟರ್ ಹೀನಾಯವಾಗಿ ಸೋತದ್ದು ಬೇರೆ ಮಾತು.

ಇದೇ ತೆರೆದ ಬಾಗಿಲು ಒಮ್ಮೆ ಸಂಪ್ರದಾಯವಾದಿಗಳನ್ನೂ ಕಾಪಾಡಿತ್ತು. 1976ರ ಮೇ 1ರಂದು ಟೆಕ್ಸಾಸ್ ಪ್ರೈಮರಿಯಲ್ಲಿ ಹಾಲಿ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ವಿರುದ್ಧ ರೊನಾಲ್ಡ್ ರೇಗನ್ ಪಣಕ್ಕಿದ್ದ 96 ಪ್ರತಿನಿಧಿಗಳನ್ನೂ ಗೆದ್ದರು. ಡೆಮಾಕ್ರಟಿಕ್ ನಾಯಕ ಜಾರ್ಜ್ ವ್ಯಾಲೇಸ್ ಹಿಂದಿದ್ದವರು ಅಂದು ಈ ಕಡೆಗೆ ದಾಟಿ ಬಂದದ್ದು ಅದಕ್ಕೆ ದೊಡ್ಡ ಕಾರಣ. ಆಗ ಹೊರಗಿನವರು ಬಂದರು ಎಂದು ದೂರಿದ್ದು ಫೋರ್ಡ್ ಪಾಳೆಯ. ಕಾನ್ಸಾಸ್ ಸಿಟಿ ಅಧಿವೇಶನದಲ್ಲಿ 1,187ಕ್ಕೆ 1,070ರಂತೆ ರೇಗನ್ ಸೋತರೂ ನಾಲ್ಕು ವರ್ಷದ ಬಳಿಕ ಅಧ್ಯಕ್ಷರಾಗುವ ದಾರಿಗೆ ಅಂದಿನ ಟೆಕ್ಸಾಸ್ ಬಲ ಕೊಟ್ಟಿತು. 2008ರಲ್ಲಿ ರೇಡಿಯೊ ಮಾತುಗಾರ ರಷ್ ಲಿಂಬಾ ತನ್ನ ಕೇಳುಗರಿಗೆ ಡೆಮಾಕ್ರಟಿಕ್ ಪ್ರೈಮರಿಗಳಿಗೆ ಹೋಗಿ ಹಿಲರಿ ಕ್ಲಿಂಟನ್‌ಗೆ ಮತ ಹಾಕಿ, ಒಬಾಮಾ ಜೊತೆಗಿನ ಅವರ ಕದನ ಲಂಬಿಸಲಿ ಎಂದು ಕರೆ ಕೊಟ್ಟಿದ್ದರು. ಆ ಬಾಗಿಲನ್ನು ಎರಡೂ ಕಡೆಯವರು ಬಳಸಿದ್ದಾರೆ. ಸಂಪ್ರದಾಯವಾದಿ ಮತದಾರನ ವಾದಕ್ಕೆ ಇದು ಸ್ವಲ್ಪ ಪೆಟ್ಟು ಕೊಡುತ್ತದೆ, ನಿಜ.

ಪ್ರೈಮರಿ ಫಲಿತಾಂಶದ ಮೇಲಿನ ಬೇಸರಕ್ಕೆ ಹೊರಗಿನವರೇ ಬೇಕೆಂದಿಲ್ಲ, ಒಳಗಿನ ಹಂಚಿಕೆಯೂ ಸಾಕು. 2008ರ ಫೆಬ್ರವರಿಯಲ್ಲಿ ಮಿಸ್ಸೌರಿಯ ಅಧ್ಯಕ್ಷೀಯ ಪ್ರೈಮರಿಯಲ್ಲಿ ಮೆಕೇನ್ ಸುಮಾರು ಶೇ 33, ಹಕಬೀ ಶೇ 31, ರಾಮ್ನಿ ಶೇ 29 ಮತ ಪಡೆದರು. ಗೆದ್ದವರಿಗೇ ಎಲ್ಲ ಎಂಬ ನಿಯಮದಿಂದ ಮೂರನೇ ಒಂದು ಭಾಗ ಮತಕ್ಕೆ ರಾಜ್ಯದ ಅಷ್ಟೂ ಪ್ರತಿನಿಧಿಗಳು ಮೆಕೇನ್ ಪಾಲಾದರು. 2016ರಲ್ಲಿ ದಕ್ಷಿಣ ಕೆರೊಲಿನಾದಲ್ಲಿ ಟ್ರಂಪ್ ಶೇ 32.5 ಮತ ಪಡೆದು 50ಕ್ಕೆ 50 ಪ್ರತಿನಿಧಿಗಳನ್ನು ಒಯ್ದರು. ಈ ಎರಡನೇ ಸಲ ಕಣ್ಣೀರಿಟ್ಟವರಲ್ಲಿ ಹಳೆಯ ಸಂಪ್ರದಾಯವಾದಿಗಳೂ ಇದ್ದರು, ಟೆಡ್ ಕ್ರೂಜ್ ಅವರಲ್ಲಿ ಭರವಸೆ ಇಟ್ಟ ಟೀ ಪಾರ್ಟಿಯವರೂ ಇದ್ದರು. ಮೂರು ಜನ ಹಂಚಿಕೊಂಡ ಮತಗಳ ನಡುವೆ ಬಹುಮತದ ಇಚ್ಛೆ ಎಲ್ಲಿ ಅಡಗಿದೆ ಎಂದು ಕಂಡುಹಿಡಿಯುವ ಸಾಧನವೇ ಆ ರಾಜ್ಯಗಳಲ್ಲಿ ಇರಲಿಲ್ಲ. ಮಿಸ್ಸಿಸಿಪ್ಪಿಯಲ್ಲಿ ಅದು ಇತ್ತು ಎಂಬುದನ್ನು ಮರೆಯಬಾರದು. ಎರಡನೇ ಸುತ್ತು ಇಲ್ಲದಿದ್ದರೆ ಮೆಕ್‌ಡೇನಿಯಲ್ ಜೂನ್ 3ರಂದೇ, ಅರ್ಧಕ್ಕಿಂತ ಕಡಿಮೆ ಮತದಲ್ಲಿ, ಗೆದ್ದುಬಿಡುತ್ತಿದ್ದರು.

ಮೆಕ್‌ಡೇನಿಯಲ್ ಕೋರ್ಟಿಗೆ ಹೋದರು. ಎರಡೂ ಕಡೆ ಮತ ಹಾಕಿದವರು ಸಾವಿರಾರು ಮಂದಿ ಇದ್ದಾರೆ ಎಂಬುದು ಅವರ ಆರೋಪ. ರಾಜ್ಯದ ಪಕ್ಷ ಸಮಿತಿ ವಿಚಾರಣೆ ನಡೆಸಲು ಒಪ್ಪದೆ ಕೋರ್ಟಿಗೇ ಹೋಗಿ ಎಂದಿತು. ಕೋರ್ಟ್ ಆಗಸ್ಟ್‌ನಲ್ಲಿ, ಮತದಾನದ ನಂತರ ಇಪ್ಪತ್ತು ದಿನದೊಳಗೆ ದೂರು ಕೊಡಬೇಕಿತ್ತು, ತಡವಾಗಿದೆ ಎಂದು ಅರ್ಜಿ ತಳ್ಳಿಹಾಕಿತು. ಅಕ್ಟೋಬರ್‌ನಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಆರೋಪದ ತಿರುಳಿಗೆ, ಸರಿಯೆಂದಾಗಲಿ ತಪ್ಪೆಂದಾಗಲಿ, ಯಾವ ಉತ್ತರವೂ ಸಿಗಲಿಲ್ಲ. ಆ ಮತದಾರನ ದೃಷ್ಟಿಯಲ್ಲಿ ಇದು ಎರಡನೆಯ ಏಟು. ಆರೋಪ ಪರಿಶೀಲಿಸಿ ಇಲ್ಲ ಎಂದಿದ್ದರೆ ಅವನು ಒಪ್ಪುತ್ತಿದ್ದನೋ ಇಲ್ಲವೋ, ಕೇಳಿಸಿಕೊಂಡರು ಎಂಬ ಸಮಾಧಾನವಾದರೂ ಇರುತ್ತಿತ್ತು. ಚುನಾವಣೆಯ ದೂರುಗಳನ್ನು ಗಡುವಿನ ಲೆಕ್ಕದಲ್ಲೇ ಮುಗಿಸುವುದು ಕಾನೂನಿಗೆ ಅನಿವಾರ್ಯವಿರಬಹುದು, ಪ್ರಜಾಪ್ರಭುತ್ವಕ್ಕೆ ಅದು ದುಬಾರಿ.

ಇತ್ತೀಚಿನ ವರ್ಷಗಳಲ್ಲಿ ಬಾಗಿಲು ಮುಚ್ಚುವ ಕಡೆಗೆ ಗಾಳಿ ಬೀಸುತ್ತಿದೆ. ಪಕ್ಷ ಬದಲಿಸುವುದಕ್ಕೆ ಪ್ರೈಮರಿಗೆ ತಿಂಗಳುಗಳ ಮೊದಲೇ ಕಡೆಯ ದಿನ ನಿಗದಿ ಮಾಡುವ ಕಾನೂನನ್ನು ವಯೋಮಿಂಗ್ 2023ರಲ್ಲಿ ತಂದಿತು. 1970ರ ದಶಕದಿಂದ ಎಲ್ಲ ಪಕ್ಷದವರೂ ಒಂದೇ ಮತಪತ್ರದಲ್ಲಿ ಸ್ಪರ್ಧಿಸುತ್ತಿದ್ದ ಪಕ್ಕದ ಲೂಸಿಯಾನ 2024ರ ಜನವರಿಯಲ್ಲಿ ಸೆನೆಟ್ ಸೇರಿದಂತೆ ಕೆಲವು ಹುದ್ದೆಗಳಿಗೆ 2026ರಿಂದ ಪಕ್ಷವಾರು ಪ್ರೈಮರಿ ನಡೆಸುವ ತೀರ್ಮಾನ ಮಾಡಿತು. ಪಕ್ಷ ಕಟ್ಟಿದವರಿಗೇ ಪಕ್ಷದ ಮಾತು ನಡೆಯಬೇಕು ಎಂಬ ಬೇಡಿಕೆಯನ್ನು ನಾನು ಗೌರವಿಸುತ್ತೇನೆ. ಆದರೆ ಒಂದೇ ಪಕ್ಷ ಗೆಲ್ಲುವ ರಾಜ್ಯದಲ್ಲಿ, ಸರ್ಕಾರದ ಖರ್ಚಿನಲ್ಲಿ, ಜನರ ಮೂರನೇ ಒಂದು ಭಾಗವನ್ನು ನಿಜವಾದ ಚುನಾವಣೆಯಿಂದ ಹೊರಗಿಡುವ ಮುಚ್ಚಿದ ಬಾಗಿಲನ್ನು ನಾನು ಒಪ್ಪಲಾರೆ. ಪಕ್ಷ ತನ್ನದೇ ಹಣದಲ್ಲಿ, ತನ್ನದೇ ಸದಸ್ಯರ ಸಭೆಯಲ್ಲಿ ಅಭ್ಯರ್ಥಿಯನ್ನು ಆರಿಸಿಕೊಂಡು, ನವೆಂಬರ್‌ನಲ್ಲಿ ಬಹುಮತ ಸಿಗುವವರೆಗೆ ಎರಡನೇ ಸುತ್ತು ನಡೆಯುವಂತಾದರೆ ಇಬ್ಬರಿಗೂ ನ್ಯಾಯ ಸಿಕ್ಕೀತು. ಅಲ್ಲಿ ಸಂಪ್ರದಾಯವಾದಿಗೆ ತನ್ನದೇ ಅಭ್ಯರ್ಥಿ ಇರುತ್ತಾನೆ, ಹೈಂಡ್ಸ್ ಕೌಂಟಿಯವಳಿಗೆ ತೂಕವಿರುವ ಮತ ಇರುತ್ತದೆ.

2014ರ ನವೆಂಬರ್‌ನಲ್ಲಿ ಕಾಕ್ರನ್ ಶೇ 60ರ ಹತ್ತಿರ ಮತ ಪಡೆದು ಸುಲಭವಾಗಿ ಗೆದ್ದರು. ಸೆನೆಟ್ ರಿಪಬ್ಲಿಕನ್ನರ ಕೈಗೆ ಬಂದದ್ದರಿಂದ 2015ರಲ್ಲಿ ಹಣಕಾಸು ಹಂಚಿಕೆ ಸಮಿತಿಯ ಅಧ್ಯಕ್ಷತೆ ಮತ್ತೆ ಅವರಿಗೇ ಸಿಕ್ಕಿತು. ಅನಾರೋಗ್ಯದಿಂದ 2018ರ ಏಪ್ರಿಲ್‌ನಲ್ಲಿ ರಾಜೀನಾಮೆ ಕೊಟ್ಟರು, ಮರುವರ್ಷ ತೀರಿಕೊಂಡರು. ತೆರವಾದ ಸೀಟಿಗೆ 2018ರ ನವೆಂಬರ್‌ನಲ್ಲಿ ವಿಶೇಷ ಚುನಾವಣೆ ನಡೆಯಿತು. ಅದಕ್ಕೆ ಪ್ರೈಮರಿ ಇರಲಿಲ್ಲ, ಎಲ್ಲರೂ ಒಂದೇ ಮತಪತ್ರದಲ್ಲಿ ನಿಂತರು. ಮೆಕ್‌ಡೇನಿಯಲ್ ಮತ್ತೆ ಕಣಕ್ಕಿಳಿದರು. ಅಷ್ಟರಲ್ಲಿ ಅವರ ಮತದಾರರು ಟ್ರಂಪ್ ಅವರ ಮತದಾರರಾಗಿದ್ದರು, ಟ್ರಂಪ್ ಬೆಂಬಲಿಸಿದ್ದು ರಾಜ್ಯಪಾಲರು ನೇಮಿಸಿದ್ದ ಸಿಂಡಿ ಹೈಡ್-ಸ್ಮಿತ್ ಅವರನ್ನು. ಮೆಕ್‌ಡೇನಿಯಲ್‌ಗೆ ಬಂದದ್ದು ಶೇ 16.5 ಮತ, ಮೂರನೇ ಸ್ಥಾನ. 2023ರಲ್ಲಿ ಉಪರಾಜ್ಯಪಾಲ ಹುದ್ದೆಗೆ ಹಾಲಿ ಉಪರಾಜ್ಯಪಾಲ ಡೆಲ್ಬರ್ಟ್ ಹೋಸ್‌ಮನ್ ವಿರುದ್ಧ ರಿಪಬ್ಲಿಕನ್ ಪ್ರೈಮರಿಯಲ್ಲಿ ನಿಂತು ಇನ್ನೊಮ್ಮೆ ಸೋತರು. ಮಿಸ್ಸಿಸಿಪ್ಪಿಯ ಮತದಾರರ ಪಟ್ಟಿಯಲ್ಲಿ ಆಗಲೂ ಪಕ್ಷದ ಹೆಸರು ಬರೆಯುವ ಅಂಕಣ ಇರಲಿಲ್ಲ.